ಅರೆದಲೆನೋವಿಗೆ ಚೀನೀ ಸೂಜಿ

ಬೈಲಹೊಂಗಲದ ಹತ್ತಿಹೊಲದಲ್ಲಿ ಬಿಸಿಲೇರುವವರೆಗೆ ಬಾಗಿ ದುಡಿದವಳಾಗಲಿ, ರಾಮದುರ್ಗದ ಮಗ್ಗದ ಸಪ್ಪಳದಲ್ಲಿ ಹಗಲೆಲ್ಲ ಕಂಡಿಕೆ ಸುತ್ತಿದವಳಾಗಲಿ, ಹುಣ್ಣಿಮೆಯ ಜಾತ್ರೆಗೆಂದು ನಿದ್ದೆಗೆಟ್ಟು ಉಪವಾಸವಿದ್ದು ಸವದತ್ತಿಯ ಎಲ್ಲಮ್ಮನ ಗುಡ್ಡವೇರಿದವಳಾಗಲಿ, ‘ತಲಿ ಸಿಡ್ಯಾಕತ್ತೈತಿ’ ಎಂದೊಡನೆ ಮನೆಯವರು ಮಾಡುವ ಉಪಚಾರ ಬಹುಮಟ್ಟಿಗೆ ಒಂದೇ: ಹಣೆಗೆ ಅರಿವೆ ಬಿಗಿದು, ಸುಂಠಿ ತೇಯ್ದು ಪಟ್ಟು ಹಾಕಿ, ಕತ್ತಲೆಯ ಒಳಕೋಣೆಯಲ್ಲಿ ಮಲಗಿಸಿ, ಕಡೆಗೆ ಅಂಗಡಿಯಿಂದ ಗುಳಿಗೆ ತರಿಸುವುದು. ಬೆಂಗಳೂರಿನ ನಗರ ಮತ್ತು ಗ್ರಾಮಗಳಲ್ಲಿ ನಡೆದ ಸಮೀಕ್ಷೆಯೊಂದರಲ್ಲಿ, ಒಂದು ವರ್ಷದ ಅವಧಿಯಲ್ಲಿ ವಯಸ್ಕರ ಪೈಕಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಅರೆದಲೆನೋವು ಇದ್ದುದು ಕಂಡುಬಂದಿತು. ವ್ಯಾಧಿ ಇಷ್ಟು ವ್ಯಾಪಕವಾಗಿರುವಾಗ, 2019ರಲ್ಲಿ ಕೇಂದ್ರ ಸರಕಾರ ಸ್ವತಂತ್ರ ಪದ್ಧತಿಯೆಂದು ಮಾನ್ಯಮಾಡಿದ ಚೀನೀ ಸೂಜಿಚಿಕಿತ್ಸೆಯ ಯೋಗ್ಯತೆಯನ್ನು ಪರಿಶೀಲಿಸುವುದು ಕುತೂಹಲದ ವಿಷಯ ಮಾತ್ರವಲ್ಲ.

ಚೀನೀ ಶಾಸ್ತ್ರದ ಪ್ರಕಾರ ದೇಹದಲ್ಲಿ ‘ಚಿ’ ಎಂಬ ಪ್ರಾಣಶಕ್ತಿ ನಿಯತ ಮಾರ್ಗಗಳಲ್ಲಿ ಸಂಚರಿಸುತ್ತದೆ. ಅದು ತಡೆಗೊಂಡಲ್ಲಿ ನೋವು. ಆದಕಾರಣ ಹೆಬ್ಬೆರಳು-ತೋರುಬೆರಳುಗಳ ನಡುವಣ ‘ಹೆಗು’, ತಲೆಬುರುಡೆಯ ತಳದ ‘ಫೆಂಗ್ಚಿ’ ಮೊದಲಾದ ಬಿಂದುಗಳಲ್ಲಿ ಕೂದಲಿನಂಥ ಸೂಜಿಗಳನ್ನು ನೆಟ್ಟು ಆ ತಡೆಯನ್ನು ಬಿಡಿಸಬೇಕು. ಈ ಮಾತನ್ನು ಜರ್ಮನಿಯ ವೈದ್ಯರು 302 ರೋಗಿಗಳಲ್ಲಿ ಪರೀಕ್ಷೆಗೆ ಒಡ್ಡಿ 2005ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಶಾಸ್ತ್ರೋಕ್ತ ಬಿಂದುಗಳಲ್ಲಿ ಚುಚ್ಚಿಸಿಕೊಂಡವರಲ್ಲಿ ನೂರಕ್ಕೆ 51 ಜನರಿಗೆ ನೋವಿನ ದಿನಗಳು ಅರ್ಧಕ್ಕಿಳಿದುವು. ಬಿಂದುಗಳಲ್ಲದ ಕಡೆ ತೋರಿಕೆಗೆ ಮೇಲ್ಮೇಲೆ ಚುಚ್ಚಿಸಿಕೊಂಡವರಲ್ಲಿ 53. ಸರದಿಗೆ ಕಾದು ಕುಳಿತವರಲ್ಲಿ 15 ಮಾತ್ರ. 2016ರ ಕೊಕ್ರೇನ್ ಸಮೀಕ್ಷೆಯು ಹಲವು ಪ್ರಯೋಗಗಳನ್ನು ಕೂಡಿಸಿ ನೋಡಿ, ನಿಜದ ಸೂಜಿಗೆ ತೋರಿಕೆಯ ಸೂಜಿಗಿಂತ ಅಲ್ಪ ಮೇಲುಗೈಯನ್ನು ಒಪ್ಪಿಕೊಂಡಿದೆ, ನಿಜ. ಆದರೂ ನನ್ನ ಮತವಿಷ್ಟು: ಚಿಕಿತ್ಸೆ ಉತ್ತೀರ್ಣವಾಗಿದೆ, ಬಿಂದುಗಳ ನಕ್ಷೆ ಉತ್ತೀರ್ಣವಾಗಿಲ್ಲ. ಅರ್ಧ ಗಂಟೆ ನಿಶ್ಚಲವಾಗಿ ಮಲಗಿ, ಒಬ್ಬರ ಪೂರ್ಣ ಗಮನಕ್ಕೆ ಪಾತ್ರಳಾಗುವುದೇ ನಮ್ಮ ಹೆಂಗಸಿಗೆ ಒದಗದ ಭೋಗವಾಗಿರುವಾಗ, ಉಪಶಮನದ ಕೀರ್ತಿಯನ್ನೆಲ್ಲ ಸೂಜಿಯ ಮೊನೆಗೆ ಸಲ್ಲಿಸುವುದು ಹೇಗೆ?

ಆ ಪ್ರಯೋಗದಲ್ಲಿ ಎಂಟು ವಾರಗಳಲ್ಲಿ ಹನ್ನೆರಡು ಸಲ ಸೂಜಿ ಹಾಕಿದ್ದರು. ಕಿತ್ತೂರಿನ ಕಡೆಯ ಹಳ್ಳಿಯಿಂದ ಬೆಳಗಾವಿಗೋ ಧಾರವಾಡಕ್ಕೋ ಅಷ್ಟು ಸಲ ಬಸ್ಸು ಹತ್ತುವುದೆಂದರೆ, ಅಷ್ಟು ದಿನದ ಕೂಲಿಯೂ ಹೋದಂತೆ. ಪ್ರಯಾಣದ ಬಿಸಿಲು, ಹಸಿವುಗಳೇ ಶೂಲೆಯನ್ನು ಕೆರಳಿಸಬಲ್ಲವೆಂಬುದು ಬೇರೆ. ಹಾಗೆಂದು ಗುಳಿಗೆಯೇ ಲೇಸೆನ್ನುವಂತಿಲ್ಲ: ತಿಂಗಳಲ್ಲಿ 15 ದಿನ ನೋವಿನ ಗುಳಿಗೆ ನುಂಗುವವರಿಗೆ ಗುಳಿಗೆಯೇ ತಲೆನೋವನ್ನು ತರಬಹುದು. ಅಂಥವರಿಗೆ ಶುದ್ಧವಾದ, ಒಮ್ಮೆ ಬಳಸಿ ಎಸೆಯುವ ಸೂಜಿ ಆದರಣೀಯವೇ ಸರಿ. ಗರ್ಭಿಣಿಯರಿಗೆ ಮಾತ್ರ ‘ಹೆಗು’ ಸಾಂಪ್ರದಾಯಿಕವಾಗಿ ನಿಷಿದ್ಧ.

ಚೀನೀ ಮೂಲಿಕೆಗಳ ವಿಷಯದಲ್ಲಿ ಇಷ್ಟು ಔದಾರ್ಯ ನನಗೆ ಸಾಧ್ಯವಿಲ್ಲ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ಮೈ ಇಳಿಸಲೆಂದು ಚೀನೀ ಬೇರು ಬೆರೆತ ಗುಳಿಗೆ ಸೇವಿಸಿದ ಅನೇಕ ಸ್ತ್ರೀಯರ ಮೂತ್ರಪಿಂಡಗಳು ಕೆಟ್ಟುವು. ಆ ಬೇರಿನ ಕುಲದ್ದೇ ನಮ್ಮ ಈಶ್ವರಿ ಬಳ್ಳಿ ಎಂಬುದನ್ನು, ನಾಟಿಯೆಂದರೆ ನಿರಪಾಯವೆಂದು ನಂಬಿದ ನಮ್ಮವರೂ ಗಮನಿಸತಕ್ಕದ್ದು. ಇನ್ನು, ಹಠಾತ್ತನೆ ಸಿಡಿಲಿನಂತೆ ಎರಗಿದ ನೋವು, ಜ್ವರದೊಡನೆ ಸೆಟೆದ ಕತ್ತು, ತೊದಲುವ ಮಾತು ಇವು ಕಂಡಲ್ಲಿ ಸೂಜಿಯನ್ನೂ ಸುಂಠಿಯನ್ನೂ ಬದಿಗಿಟ್ಟು ರೋಗಿಯನ್ನು ಆ ಕ್ಷಣವೇ ಆಸ್ಪತ್ರೆಗೆ ಒಯ್ಯಬೇಕು.