ಯಾಲ್ಟಾದ ಬಿಳಿ ನಾಯಿಯ ಹೆಸರೇನು?

ಚೆಕಾಫ್‌ನ ‘ನಾಯಿಯ ಜೊತೆಗಿನ ಮಹಿಳೆ’ ಕತೆಯನ್ನು ನಮ್ಮ ಎಂ.ಎ. ತರಗತಿಗಳಲ್ಲಿ ಪಾಠ ಮಾಡುವಾಗ ಪ್ರೇಮ, ದಾಂಪತ್ಯ, ನೈತಿಕತೆ, ಮುಗಿಯದೆ ಮುಗಿಯುವ ಕೊನೆ ಇಷ್ಟರಲ್ಲೇ ಗಂಟೆ ಬಾರಿಸಿಬಿಡುತ್ತದೆ. ಯಾರಾದರೂ ನಾಯಿಯ ವಿಷಯ ಎತ್ತಿದರೆ ‘ಅದು ನಿಷ್ಠೆಯ ಸಂಕೇತ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಉತ್ತರ ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ. ಗಂಡನಿಂದ ದೂರ ಬಂದು ಪರಪುರುಷನನ್ನು ಪ್ರೀತಿಸುವ ಹೆಣ್ಣಿನ ಹಿಂದೆ ನಿಷ್ಠೆಯ ಸಂಕೇತವನ್ನು ಓಡಿಸುವಷ್ಟು ಅಗ್ಗದ ವ್ಯಂಗ್ಯ ಚೆಕಾಫ್‌ನದಲ್ಲ. ಆ ನಾಯಿ ನಾಯಿಯೇ. ಸಮುದ್ರತೀರದ ಒಂದು ಊರಿನಲ್ಲಿ ದಿನ ಕಳೆಯುವುದಕ್ಕೂ ಅದಕ್ಕೂ ಏನು ಸಂಬಂಧ ಎಂದು ಕೇಳಿದರೆ ಕತೆ ಬೇರೆ ಥರ ತೆರೆದುಕೊಳ್ಳುತ್ತದೆ.

ಕತೆ ಪ್ರಕಟವಾದದ್ದು 1899ರ ಡಿಸೆಂಬರಿನಲ್ಲಿ. ಕ್ಷಯ ಹೆಚ್ಚಾಗಿ, ಚೆಕಾಫ್ ಕ್ರಿಮಿಯಾದ ಯಾಲ್ಟಾದಲ್ಲಿ ಮನೆ ಕಟ್ಟಿಸಿಕೊಂಡು ನೆಲೆಸಿದ ಕಾಲ ಅದು. ಆಗಿನ ಯಾಲ್ಟಾಕ್ಕೆ ಜನ ಬರುತ್ತಿದ್ದದ್ದು ಕಾಯಿಲೆ ವಾಸಿಮಾಡಿಕೊಳ್ಳಲು, ಇಲ್ಲವೇ ಕಾಯಿಲೆಯ ನೆಪದಲ್ಲಿ ಮನೆಯಿಂದ ತಪ್ಪಿಸಿಕೊಳ್ಳಲು. ಅಲ್ಲಿ ದಿನಕ್ಕೆ ಮಾಡುವ ಕೆಲಸವೆಂದರೆ ಕಡಲ ದಂಡೆಯ ರಸ್ತೆಯಲ್ಲಿ ಅಡ್ಡಾಡುವುದು, ಕಾಫಿ ಕುಡಿಯುವುದು, ಸಂಜೆ ಹಡಗು ಬರುವುದನ್ನು ನೋಡುವುದು. ಇಂಥ ಊರಿನಲ್ಲಿ ಒಂಟಿ ವಿವಾಹಿತೆಯೊಬ್ಬಳು ದಿನಕ್ಕೆ ನಾಲ್ಕು ಸಲ ಸುಮ್ಮನೆ ತಿರುಗಿದರೆ ನೋಡುವವರ ಕಣ್ಣು ಬೇರೆ. ನಾಯಿಯನ್ನು ಅಡ್ಡಾಡಿಸಲು ಹೊರಟವಳಿಗೆ ಒಂದು ಕಾರಣವಿದೆ. ಅನ್ನಾಳ ಬಿಳಿ ಸ್ಪಿಟ್ಜ್ ಅವಳ ತಿರುಗಾಟದ ಪರವಾನಗಿ. ಅವಳ ಹೆಸರು ಯಾರಿಗೂ ಗೊತ್ತಿಲ್ಲ. ಊರಿಗೆಲ್ಲ ಅವಳು ನಾಯಿಯ ಜೊತೆಗಿನ ಮಹಿಳೆ, ಅಷ್ಟೆ. ಗುರುತೂ ನಾಯಿಯದೇ.

(ಸ್ಪಿಟ್ಜ್ ಎಂದರೆ ನಮಗೇನೂ ದೂರದ ಪ್ರಾಣಿಯಲ್ಲ. ‘ಪಮೇರಿಯನ್’ ಎಂದು ಕರೆಸಿಕೊಂಡು ಒಂದು ಕಾಲಕ್ಕೆ ನಮ್ಮ ಬಡಾವಣೆಗಳ ಗೇಟುಗಳ ಹಿಂದೆ ಬೊಗಳುತ್ತಿದ್ದ ಬಿಳಿ ನಾಯಿಗಳು ಇದರ ನೆಂಟರೇ. ‘ಹಮ್ ಆಪ್ಕೆ ಹೈ ಕೌನ್’ ಚಿತ್ರದ ಟಫಿಯೂ ಆ ಪೈಕಿಯದೇ. ಟಫಿ ಕತೆಯನ್ನು ದಡ ಮುಟ್ಟಿಸುತ್ತದೆ. ಚೆಕಾಫ್‌ನ ನಾಯಿಗೆ ಅಂಥ ಯಾವ ಹೊಣೆಯೂ ಇಲ್ಲ.)

ಗೂರೊವ್ ಅವಳ ಪರಿಚಯ ಮಾಡಿಕೊಳ್ಳುವ ರೀತಿಯನ್ನು ನಿಧಾನವಾಗಿ ಓದಬೇಕು. ಉದ್ಯಾನದ ಊಟದ ಮೇಜಿನಲ್ಲಿ ಅವನು ಮೊದಲು ಕರೆಯುವುದು ನಾಯಿಯನ್ನು. ಅದು ಹತ್ತಿರ ಬಂದಾಗ ಬೆರಳಾಡಿಸಿ ಗದರಿಸುತ್ತಾನೆ, ಅದು ಗುರ್ ಎನ್ನುತ್ತದೆ, ಅವನು ಮತ್ತೆ ಗದರಿಸುತ್ತಾನೆ. ಇದು ಕಚ್ಚುವುದಿಲ್ಲ ಎಂದು ಅವಳು ಕೆಂಪಾಗುತ್ತಾಳೆ. ಮೂಳೆ ಕೊಡಬಹುದೇ ಎಂದು ಅವನು ಕೇಳುತ್ತಾನೆ. ಅಪರಿಚಿತ ಗಂಡು ಅಪರಿಚಿತ ಹೆಣ್ಣಿಗೆ ನೇರವಾಗಿ ಹೇಳಲಾಗದ ಎರಡು ಮಾತೂ ಇಲ್ಲಿವೆ: ಹತ್ತಿರ ಬಾ ಎಂಬುದೊಂದು, ನನಗೆ ಹೆದರು ಎಂಬುದೊಂದು. ಎರಡನ್ನೂ ಅವನು ನಾಯಿಗೆ ಹೇಳುತ್ತಾನೆ. ಹೆಂಗಸರನ್ನು ಕೀಳು ಜಾತಿ ಎಂದು ಕರೆಯುತ್ತಲೇ ಅವರಿಲ್ಲದೆ ಎರಡು ದಿನ ಇರಲಾರದವನು ಇವನು ಎಂದು ಚೆಕಾಫ್ ಆಗಲೇ ತಿಳಿಸಿದ್ದಾನೆ. ಆ ಮಾಹಿತಿಯನ್ನು ಇಟ್ಟುಕೊಂಡು ಓದಿದರೆ ಬೆರಳಾಡಿಸುವ ಆಟ ಅಷ್ಟೇನೂ ಮುದ್ದಾಗಿ ಕಾಣುವುದಿಲ್ಲ.

ಆಮೇಲೆ ನಾಯಿ ಕಾಣೆಯಾಗುತ್ತದೆ. ವಾರದ ನಂತರ ಇಬ್ಬರೂ ಬಂದರುಕಟ್ಟೆಗೆ ಹೋಗುತ್ತಾರೆ, ಹಡಗು ಬರುತ್ತದೆ, ಗುಂಪು ಕರಗುತ್ತದೆ, ನಾಯಿಯ ಪ್ರಸ್ತಾಪವಿಲ್ಲ. ಹೋಟೆಲಿನ ಕೋಣೆಯಲ್ಲಿ ಅವಳು ಅಳುತ್ತಾಳೆ, ಅವನು ಮೇಜಿನ ಮೇಲಿದ್ದ ಕಲ್ಲಂಗಡಿ ಕೊಯ್ದುಕೊಂಡು ತಿನ್ನುತ್ತಾನೆ, ಅಲ್ಲೂ ಇಲ್ಲ. ಬೆಳಗಿನ ಜಾವ ಒರಿಯಾಂಡಾದ ಬೆಂಚಿನಲ್ಲಿ ಕೂತು ಕಡಲು ನೋಡುವ ಆ ಪ್ರಸಿದ್ಧ ಪುಟದಲ್ಲೂ ಇಲ್ಲ. ಪರಿಚಯ ಆದ ಮೇಲೆ ಪರವಾನಗಿ ಯಾರಿಗೆ ಬೇಕು? ಇದನ್ನು ಲೇಖಕನ ಮರೆವು ಎಂದು ತಳ್ಳಿಹಾಕಬಹುದಿತ್ತು, ಮೂರನೆಯ ಭಾಗ ಇಲ್ಲದಿದ್ದರೆ.

ಮೂರನೆಯ ಭಾಗದಲ್ಲಿ ಗೂರೊವ್ ಮಾಸ್ಕೋದಿಂದ ‘ಎಸ್.’ ಎಂಬ ಊರಿಗೆ ಬರುತ್ತಾನೆ. ಅನ್ನಾಳ ಮನೆಯೆದುರು ಮೊಳೆ ಬಡಿದ ಉದ್ದನೆಯ ಬೂದು ಬೇಲಿ. ಅವನು ಅದರ ಪಕ್ಕ ಅತ್ತಿತ್ತ ಅಲೆಯುತ್ತಾನೆ. ಬಾಗಿಲು ತೆರೆದು ಮುದುಕಿಯೊಬ್ಬಳು ಹೊರಬರುತ್ತಾಳೆ, ಹಿಂದೆ ಅದೇ ಬಿಳಿ ಸ್ಪಿಟ್ಜ್. ಕರೆಯಬೇಕು ಎಂದುಕೊಳ್ಳುತ್ತಾನೆ, ಎದೆ ಹೊಡೆದುಕೊಳ್ಳುತ್ತದೆ, ಉದ್ವೇಗದಲ್ಲಿ ಅದರ ಹೆಸರು ನೆನಪಾಗುವುದಿಲ್ಲ.

ಮೊದಲ ಸಲ ಓದಿದಾಗ ನಾನು ಪುಟ ಹಿಂದಕ್ಕೆ ತಿರುಗಿಸಿ ಆ ಹೆಸರು ಹುಡುಕಿದ್ದೆ. ಅದು ಎಲ್ಲೂ ಇಲ್ಲ. ಚೆಕಾಫ್ ನಮಗೆ ಹೇಳಿಯೇ ಇಲ್ಲ. ಗೂರೊವ್‌ಗೆ ಗೊತ್ತಿತ್ತು, ಈಗ ಮರೆತಿದ್ದಾನೆ. ನಾವು ಕೇಳಿಯೇ ಇರಲಿಲ್ಲ, ಕೇಳಿಲ್ಲ ಎಂಬುದನ್ನು ಗಮನಿಸಿರಲೂ ಇಲ್ಲ. ಅವಳನ್ನು ನಾವೂ ಯಾಲ್ಟಾದ ಜನರಂತೆಯೇ ನೋಡಿದ್ದೆವು. ಸ್ವಲ್ಪ ಹೊತ್ತಿನ ನಂತರ ಹೋಟೆಲಿನ ಬೂದು ಹೊದಿಕೆಯ ಹಾಸಿಗೆಯಲ್ಲಿ ಕೂತು, ಸಿಕ್ಕಿದಳಲ್ಲ ನಿನಗೆ ನಾಯಿಯ ಜೊತೆಗಿನ ಮಹಿಳೆ ಎಂದು ಅವನು ತನ್ನನ್ನೇ ಹಂಗಿಸಿಕೊಳ್ಳುತ್ತಾನೆ. ಊರಿನವರು ಇಟ್ಟ ಅಡ್ಡಹೆಸರು ಅವನ ಬಾಯಲ್ಲಿ ಕಹಿಯಾಗುವುದು ಇಲ್ಲಿ. ಕತೆಯ ತಿರುವು ನಂತರದ ರಂಗಮಂದಿರದ ದೃಶ್ಯದಲ್ಲಿದೆ ಎನ್ನುತ್ತಾರೆ. ನನ್ನ ಪ್ರಕಾರ ಅದು ಬೇಲಿಯ ಪಕ್ಕದಲ್ಲೇ ಆಗಿಹೋಗಿದೆ.

ಕನ್ನಡದಲ್ಲಿ ಈ ಶೀರ್ಷಿಕೆಯನ್ನು ಹೇಗೆ ಹೇಳುವುದು ಎಂಬ ತೊಡಕೂ ಇದೆ. ರಷ್ಯನ್ನಿನ ‘ಸಬಾಚ್ಕಾ’ ಎಂದರೆ ಪುಟ್ಟ ನಾಯಿ, ಅಕ್ಕರೆಯ ರೂಪ. ನಾವು ‘ನಾಯಿಮರಿ’ ಎಂದರೆ ವಯಸ್ಸು ತಪ್ಪುತ್ತದೆ. ಬರೀ ‘ನಾಯಿ’ ಎಂದರೆ ಬೈಗುಳದ ವಾಸನೆ ಅಂಟಿಕೊಳ್ಳುತ್ತದೆ. ‘ದಾಮಾ’ಗೆ ‘ಹೆಂಗಸು’ ಸಾಲದು, ‘ಮಹಿಳೆ’ ಸಭೆ-ಸಮಾರಂಭದ್ದು, ‘ದೊರೆಸಾನಿ’ ಬಿಳಿಯರದ್ದು. ನಾನು ‘ನಾಯಿಯ ಜೊತೆಗಿನ ಮಹಿಳೆ’ ಎಂದು ಬರೆಯುತ್ತಿರುವುದು ಬೇರೆ ದಾರಿ ಕಾಣದೆ. ನಮ್ಮ ಕಡಲತೀರಗಳಲ್ಲಿ ನಾಯಿಗಳು ಧಾರಾಳವಾಗಿವೆ, ಆದರೆ ಬಹುಪಾಲು ಯಾರ ಜೊತೆಗೂ ಇಲ್ಲ. ಅವು ಮೀನಿನ ಬಲೆಯ ಪಕ್ಕ ಮಲಗಿರುತ್ತವೆ. ಒಂದು ಪದ ಸಿಗದಿರುವುದರ ಹಿಂದೆ ಒಂದು ಬಗೆಯ ಬಿಡುವಿನ ಬದುಕೇ ಇಲ್ಲದಿರುವುದೂ ಇದ್ದೀತು.

ಚೆಕಾಫ್‌ಗೆ ನಾಯಿಗಳ ಹೆಸರು ಮುಖ್ಯವಾಗಿರಲಿಲ್ಲ ಎಂದು ಹೇಳುವಂತಿಲ್ಲ. ಮೆಲಿಖೊವೊದಲ್ಲಿ ಅವನು ಸಾಕಿದ್ದ ಎರಡು ಡ್ಯಾಶುಂಡ್‌ಗಳಿಗೆ ಔಷಧಿಗಳ ಹೆಸರು: ಬ್ರೋಮ್ ಮತ್ತು ಖೀನಾ, ಅಂದರೆ ಬ್ರೋಮೈಡು, ಕ್ವಿನೈನು. ವೈದ್ಯನ ತಮಾಷೆ. 1887ರ ‘ಕಷ್ತಾಂಕಾ’ ಕತೆಗೆ ನಾಯಿಯ ಹೆಸರೇ ಶೀರ್ಷಿಕೆ, ಅಲ್ಲಿ ನಾಯಿಗೆ ಎರಡನೆಯ ಹೆಸರು ಬಿದ್ದಾಗ ಅದರ ಬದುಕೇ ಬದಲಾಗುತ್ತದೆ. ಹೀಗಿರುವವನು ಒಂದು ನಾಯಿಯನ್ನು ಹೆಸರಿಲ್ಲದೆ ಬಿಟ್ಟರೆ ಅದು ಬೇಕೆಂದೇ ಬಿಟ್ಟದ್ದು.

ನಮ್ಮಲ್ಲಿ ತೇಜಸ್ವಿ ‘ಪರಿಸರದ ಕತೆ’ಯಲ್ಲಿ ಇದಕ್ಕೆ ತೀರಾ ಎದುರಾದದ್ದನ್ನು ಮಾಡಿದರು. ಅವರ ‘ಕಿವಿ’ಗೆ ಹೆಸರಿದೆ, ಹಟವಿದೆ, ಅದು ಯಾವುದರ ಸಂಕೇತವೂ ಅಲ್ಲ. ಕಿವಿಯನ್ನು ಹಾಗೆಯೇ ಒಪ್ಪಿಕೊಂಡ ನಾವು ಚೆಕಾಫ್‌ನ ಸ್ಪಿಟ್ಜ್ ಎದುರಾದ ಕೂಡಲೇ ಸಂಕೇತದ ಚೀಲ ಬಿಚ್ಚುವುದೇಕೆ? ‘ವಿಶ್ವಸಾಹಿತ್ಯ’ ಎಂಬ ಪದ ಕೇಳಿದೊಡನೆ ನಾವು ಬೆನ್ನು ನೆಟ್ಟಗೆ ಮಾಡಿ ಕೂರುತ್ತೇವೆ, ಅದಕ್ಕಿರಬೇಕು. ಆ ಭಂಗಿಯಲ್ಲಿ ಕೂತವರಿಗೆ ಕಾಲಬುಡದಲ್ಲಿ ಓಡಾಡುವುದು ಕಾಣಿಸುವುದಿಲ್ಲ.

ಯಾಲ್ಟಾದ ದಂಡೆಯಲ್ಲಿ 2004ರಿಂದ ಗೂರೊವ್, ಅನ್ನಾ ಮತ್ತು ನಾಯಿಯ ಕಂಚಿನ ಪ್ರತಿಮೆಗಳಿವೆ. ಮೂವರೂ ಒಟ್ಟಿಗಿರುವ ಆ ಊಟದ ಸಂಜೆ ಕತೆಯಲ್ಲಿ ಅರ್ಧ ಪುಟ ಮಾತ್ರ. ಕೊನೆಯ ಭಾಗದಲ್ಲಿ ಅನ್ನಾ ಎರಡು ಮೂರು ತಿಂಗಳಿಗೊಮ್ಮೆ ವೈದ್ಯರನ್ನು ಕಾಣುವ ನೆಪ ಹೇಳಿ ಮಾಸ್ಕೋಗೆ ಬರುತ್ತಾಳೆ, ‘ಸ್ಲಾವ್ಯಾನ್ಸ್ಕಿ ಬಜಾರ್’ ಹೋಟೆಲಿನಲ್ಲಿ ಇಳಿದುಕೊಂಡು, ಕೆಂಪು ಟೊಪ್ಪಿಯ ಆಳಿನ ಕೈಲಿ ಅವನಿಗೆ ಹೇಳಿಕಳಿಸುತ್ತಾಳೆ. ಈಗ ನೆಪ ಬದಲಾಗಿದೆ. ಈ ಪಯಣಗಳಲ್ಲಿ ನಾಯಿಯ ಸುಳಿವಿಲ್ಲ. ನಾವು ಕಂಡಂತೆ ಅದು ಎಸ್. ಊರಿನ ಬೂದು ಬೇಲಿಯ ಮನೆಯಲ್ಲಿ ಉಳಿದಿದೆ, ಅದನ್ನು ಹೊರಗೆ ಕರೆದೊಯ್ಯುತ್ತಿರುವವಳು ಆ ಮುದುಕಿ.