ಚಿತ್ತಾರದ ಮರೆಯ ಕೀಲು

ಹದಿನೆಂಟನೇ ಶತಮಾನದ ಯುರೋಪಿನ ಉತ್ತಮ ಮೇಜು, ಕಪಾಟುಗಳ ಮೈಮೇಲಿನ ಮರದ ಚಿತ್ತಾರ ಬರೀ ಅಲಂಕಾರವಲ್ಲ. ಒಳಗಿನ ಕೀಲನ್ನು ಮರೆಮಾಡುವ ಕೆಲಸವೂ ಅದರದೇ. ಹೂವಿನ ಎಸಳಿನ ಅಂಚೋ ಪಟ್ಟಿಯ ಗೆರೆಯೋ ಇದ್ದಲ್ಲೇ ಗುಪ್ತ ಖಾನೆಯ ಸಂದು ಅಡಗಿರುತ್ತದೆ. ಚಿತ್ತಾರ ಕೆಟ್ಟರೆ ಗುಟ್ಟೂ ಕೆಟ್ಟಂತೆ.

ಈ ವಿದ್ಯೆಯ ಶಿಖರ ಜರ್ಮನಿಯ ನಾಯ್‌ವೀಡ್ ಊರಿನ ಅಬ್ರಹಾಂ ರೋಂಟ್ಗೆನ್ ಮತ್ತು ಆತನ ಮಗ ಡೇವಿಡ್. 1779ರ ಸುಮಾರಿಗೆ ಅವರ ಕಾರ್ಖಾನೆಯಲ್ಲಿ ಸಿದ್ಧವಾದ, ಈಗ ಬರ್ಲಿನ್ ವಸ್ತುಸಂಗ್ರಹಾಲಯದಲ್ಲಿರುವ ಕಪಾಟು ಮೂರೂವರೆ ಮೀಟರ್ ಎತ್ತರ. ಕೀಲಿ ತಿರುಗಿಸಿದರೆ ಬಾಗಿಲು ಸರಿದು, ಬರೆಯುವ ಹಲಗೆ ತಾನಾಗಿ ಹೊರಬರುತ್ತದೆ. ಸನ್ನೆ, ಸ್ಪ್ರಿಂಗುಗಳ ಇಂಥ ಕೆಲಸದಲ್ಲಿ ಗಡಿಯಾರ ಕುಶಲಿ ಪೀಟರ್ ಕಿಂಟ್ಸಿಂಗ್ ಅವರ ಜೊತೆಗಾರ. ಫ್ರಾನ್ಸಿನ ದೊರೆ 15ನೇ ಲೂಯಿಗಾಗಿ ಬಡಗಿ ಓಬೆನ್ 1760ರಲ್ಲಿ ಶುರುಮಾಡಿ, ಆತನ ನಿಧನದ ನಂತರ ಇನ್ನೊಬ್ಬ ಬಡಗಿ ರೀಸನರ್ 1769ರಲ್ಲಿ ಮುಗಿಸಿದ ಮೇಜು ವರ್ಸೈ ಅರಮನೆಯಲ್ಲಿದೆ. ಅದರ ಉರುಳು ಮುಚ್ಚಳ, ಖಾನೆಗಳೆಲ್ಲ ಒಂದೇ ಕೀಲಿಯ ಮಾತು ಕೇಳುತ್ತವೆ.

ಡೇವಿಡ್ ಮೊದಮೊದಲು ಕಾದ ಉಸುಕಿನಲ್ಲಿ ಮರದ ತುಣುಕನ್ನು ಸುಟ್ಟು ನೆರಳು ತರುತ್ತಿದ್ದ. ಆಮೇಲೆ ಅದನ್ನು ಬಿಟ್ಟು, ಬಣ್ಣ ಹಾಕಿದ ಪುಟ್ಟ ಪುಟ್ಟ ಚೂರುಗಳನ್ನೇ ಜೋಡಿಸಿ ನೆರಳು ಬೆಳಕು ಮೂಡಿಸಿದ. ಹೊರಮೈಯ ಆ ಬಣ್ಣಗಳು ಇಂದು ಬೆಳಕಿಗೆ ಮಾಸಿ ಕಂದಾಗಿವೆ. ಬೆಳಕು ತಾಗದ ಒಳಮೈಯಲ್ಲಿ ಚಿತ್ತಾರವಿದ್ದರೆ ಮೂಲ ಬಣ್ಣ ಅಲ್ಲಿ ಉಳಿದಿರಬಹುದು. ಬಲ್ಲವರು ಮೊದಲು ಅಲ್ಲೇ ಇಣುಕುತ್ತಾರೆ.

ನಮ್ಮ ಮೈಸೂರಿನ ದಾರಿ ಬೇರೆ. ಯುರೋಪಿನವರು ತೆಳ್ಳನೆಯ ಮರದ ಹಾಳೆಗಳನ್ನು ಕತ್ತರಿಸಿ ಜೋಡಿಸಿ ಮೇಲೆ ಅಂಟಿಸಿದರು. ನಮ್ಮವರು ಗಟ್ಟಿ ಬೀಟೆಮರವನ್ನೇ ತೋಡಿ ದಂತ ಕೂರಿಸಿದರು. ಅಂಬಾವಿಲಾಸ ಅರಮನೆಯ ಬಾಗಿಲಲ್ಲಿ ಅದನ್ನು ನೋಡಬಹುದು. ದಂತದ ವ್ಯಾಪಾರಕ್ಕೆ ಕಾನೂನಿನ ತಡೆ ಬಿದ್ದಮೇಲೆ ಕಸುಬು ಬಣ್ಣಬಣ್ಣದ ಮರಗಳತ್ತ ತಿರುಗಿತು. ಇನ್ನು ಯಂತ್ರದ ಬೆರಗು ಬೇಕೆಂದರೆ ಜಗನ್ಮೋಹನ ಅರಮನೆಯ ಫ್ರೆಂಚ್ ಗಡಿಯಾರವಿದೆ. ಅದರೊಳಗಿನ ಪುಟ್ಟ ಸೈನಿಕರು ಗಂಟೆಗೊಮ್ಮೆ ಕವಾಯತು ಹೊರಡುವಂತೆ ಅದನ್ನು ಕಟ್ಟಿದ್ದಾರೆ.

ಹುಬ್ಬಳ್ಳಿಯ ಉಣಕಲ್ಲಿನಂಥ ಊರಲ್ಲಿ ಬೇಸಿಗೆಯ ಒಣಗಾಳಿಗೂ ಮಳೆಗಾಲದ ತೇವಕ್ಕೂ ಅಜಗಜಾಂತರ. ಈ ಏರಿಳಿತಕ್ಕೆ ಅಂಟಿಸಿದ ಹಾಳೆ ಬೇಗ ಏಳುತ್ತದೆ. ಹಳೆಯ ಕಪಾಟು ಕೈಗೆ ಬಂದವರಿಗೆ ನನ್ನ ಒತ್ತಾಯ ಇಷ್ಟೇ: ಹೊಳಪಿಗೆಂದು ಉಜ್ಜಿಸಬೇಡಿ. ಆ ಹಾಳೆಯ ದಪ್ಪವೇ ಒಂದೆರಡು ಮಿಲಿಮೀಟರ್. ಉಜ್ಜಿದರೆ ಸುಟ್ಟ ನೆರಳು, ಕೊರೆದ ಗೆರೆ ಎಲ್ಲ ಪುಡಿಯಾಗಿ ಹೋಗುತ್ತವೆ. ಎದ್ದ ತುಣುಕಿಗೆ ಬಿಳಿ ಅಂಟು ಹಚ್ಚಬೇಡಿ. ಚರ್ಮ, ಎಲುಬು ಕಾಯಿಸಿ ತೆಗೆದ ಹಳೆಯ ಅಂಟನ್ನು ಶಾಖ, ತೇವ ಕೊಟ್ಟು ಮತ್ತೆ ಬಿಡಿಸಬಹುದು; ಮುಂದೆ ರಿಪೇರಿ ಮಾಡುವವರಿಗೆ ಅದೊಂದು ದೊಡ್ಡ ಉಪಕಾರ.

ಖಾನೆ ಎಳೆದು ಅದರ ಉದ್ದವನ್ನೂ ಕಪಾಟಿನ ಆಳವನ್ನೂ ಅಳೆಯಿರಿ. ಲೆಕ್ಕ ತಾಳೆಯಾಗದಿದ್ದರೆ ಹಿಂದೆ ಇನ್ನೊಂದು ಖಾನೆ ಇದ್ದೀತು. ಆಗಲೂ ಉಳಿ, ಸುತ್ತಿಗೆ ಹಿಡಿಯಬೇಡಿ. ಚಿತ್ತಾರದ ಗೆರೆಗುಂಟ ಬೆರಳಾಡಿಸಿ, ಮೆಲ್ಲಗೆ ಒತ್ತಿ ನೋಡಿ. ಮಾಡಿದವನು ಅದನ್ನು ತೆರೆಯಲೆಂದೇ ಮಾಡಿದ್ದಾನೆ, ಒಡೆಯಲೆಂದಲ್ಲ.