ಹಗುರ ಎಂಬ ಬೈಗುಳ

2006ರ ಡಿಸೆಂಬರಿನಲ್ಲಿ ತೆರೆಕಂಡ ಯೋಗರಾಜ್ ಭಟ್ಟರ ‘ಮುಂಗಾರು ಮಳೆ’ ವರ್ಷ ದಾಟಿ ಓಡಿತು. ಬರೀ ಮಾತು, ಮಳೆ, ಹಾಡು ಎಂದು ಅದನ್ನು ತಳ್ಳಿಹಾಕುವವರೂ ಇದ್ದಾರೆ. ವಿಚಾರಸಂಕಿರಣಗಳಲ್ಲಿ ಅಂಥವರೆದುರು ನಾನು ತಲೆಯಾಡಿಸಿದ್ದೇನೆ. ಹಳೇಕೋಟೆಯ ಮನೆಯಲ್ಲಿ ಅಮ್ಮನ ಪಕ್ಕ ಕೂತು ಅದೇ ಚಿತ್ರ ನೋಡಿ ನಕ್ಕಿದ್ದೇನೆ.

ಗಣೇಶ್ ಅಭಿನಯದ ಪ್ರೀತಂ ಮೊಲದ ಜೊತೆಗೂ ಹರಟುವವನು. ಅಂಥ ಮಾತಿನಮಲ್ಲ ನಂದಿನಿಯ ಮದುವೆಯ ಹೊತ್ತಿಗೆ ಹೇಳಲೇಬೇಕಾದ ಮಾತನ್ನು ನುಂಗಿಕೊಳ್ಳುತ್ತಾನೆ. ಮೊದಲಿನ ಹರಟೆ ಇಲ್ಲದಿದ್ದರೆ ಆ ಮೌನಕ್ಕೆ ತೂಕ ಬರುತ್ತಿರಲಿಲ್ಲ. ಇಲ್ಲಿ ಹಗುರತನವೇ ಕಟ್ಟಡ.

ಕುಂದೂ ಇದೆ. “ಆ ಹುಡುಗೀನ ಒಂದು ಮಾತು ಕೇಳ್ದೆ ಇವನೇ ತೀರ್ಮಾನ ಮಾಡ್ಬಿಟ್ನಲ್ಲ” ಎಂದವಳು ಅಮ್ಮ, ಕಣ್ಣೊರೆಸಿಕೊಳ್ಳುತ್ತಲೇ. ಗೋಷ್ಠಿಯಲ್ಲಿ ಯಾರೂ ಎತ್ತದ ಪ್ರಶ್ನೆಯದು. ಇಷ್ಟಪಟ್ಟು ನೋಡಿದ್ದರಿಂದಲೇ ಅವಳಿಗೆ ಅದು ಕಂಡಿತು. ಇನ್ನು ತಲೆಯಾಡಿಸುವುದಿಲ್ಲ.